ಫಾರ್ವರ್ಡ್ ಆಟಗಾರರಿಗೆಂದೇ ಒಂದು ತರಬೇತಿ: ಟರ್ಫ್ ಕಲಿಸುವುದೆಷ್ಟು, ಕಲಿಸದೆ ಬಿಡುವುದೆಷ್ಟು

ಮಂಗಳೂರಿನಲ್ಲಿ ಕಳೆದ ಕೆಲವು ವರ್ಷಗಳಿಂದ ಕೃತಕ ಹುಲ್ಲಿನ ಟರ್ಫ್ ಅಂಗಣಗಳು ಬಡಾವಣೆಗೊಂದರಂತೆ ತಲೆಯೆತ್ತಿವೆ. ಹಗಲೆಲ್ಲ ಖಾಲಿ ಬಿದ್ದಿದ್ದು ರಾತ್ರಿ ಬಹಳ ಹೊತ್ತಿನ ವರೆಗೆ ದೀಪ ಉರಿಸುವ ಈ ಅಂಗಣಗಳಲ್ಲಿ, ಬಾಡಿಗೆಗೆ ಆಡುವವರು ಬರುವ ಮುಂಚಿನ ಸಂಜೆಯ ಹೊತ್ತಿನಲ್ಲಿ ಮಕ್ಕಳ ಫುಟ್‌ಬಾಲ್ ತರಬೇತಿ ನಡೆಯುತ್ತದೆ. ಅಂಥದ್ದೊಂದು ಕೇಂದ್ರ, ಮುಂದೆ ನಿಂತು ಗೋಲು ಹೊಡೆಯುವ ಫಾರ್ವರ್ಡ್ ಆಟಗಾರರಿಗೆಂದೇ ಪ್ರತ್ಯೇಕವಾಗಿ ನಡೆಸುವ ‘ಸ್ಟ್ರೈಕರ್ ಬ್ಯಾಚ್’ಗೆ ಎಂಟನೆಯ ತರಗತಿಯಲ್ಲಿರುವ ನನ್ನ ಮಗ ಈ ಶೈಕ್ಷಣಿಕ ವರ್ಷವಿಡೀ ಹೋಗಿದ್ದಾನೆ. ಆ ತರಬೇತಿಯ ವಿಮರ್ಶೆ ಇದು. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳಲಿರುವ ಗುಣದೋಷಗಳಲ್ಲಿ ಮುಕ್ಕಾಲು ಪಾಲು ಆ ಒಂದು ಕೇಂದ್ರಕ್ಕೆ ಸೇರಿದವಲ್ಲ. ನಾಲ್ಕೂ ಕಡೆ ಬಲೆ ಕಟ್ಟಿದ ಪುಟ್ಟ ಅಂಗಣದಲ್ಲಿ ಹನ್ನೊಂದು ಜನರ ಆಟವನ್ನು ಕಲಿಸಲು ಹೊರಟ ಎಲ್ಲರಿಗೂ ಅನ್ವಯಿಸುವಂಥವು.

ಸಾಮಾನ್ಯ ಬ್ಯಾಚ್‌ಗೆ ತಿಂಗಳಿಗೆ 2,000 ರೂಪಾಯಿ, ಸ್ಟ್ರೈಕರ್ ಬ್ಯಾಚ್‌ಗೆ 3,200 ರೂಪಾಯಿ. ಸೇರುವಾಗ ಜೆರ್ಸಿ, ಚಡ್ಡಿ, ಕಾಲುಚೀಲಗಳ ಒಂದು ಜೊತೆ ಕೊಟ್ಟು ಅದಕ್ಕೆ ಬೇರೆ ಹಣ ತೆಗೆದುಕೊಳ್ಳುತ್ತಾರೆ. ವಾರಕ್ಕೆ ನಾಲ್ಕು ಸಂಜೆ, ಒಂದೂವರೆ ಗಂಟೆಯಂತೆ ತರಬೇತಿ. ಪ್ರವೇಶದ್ವಾರದ ಪಕ್ಕದ ಗೋಡೆಯಲ್ಲಿ, ಭಾರತಕ್ಕೆ ಅತಿ ಹೆಚ್ಚು ಗೋಲು ಹೊಡೆದ ಸುನಿಲ್ ಛೆಟ್ರಿಯವರ ಆಳೆತ್ತರದ ಚಿತ್ರವಿದೆ. ಅದರ ಕೆಳಗೆ, ಮುಂದಿನ ಛೆಟ್ರಿ ಇಲ್ಲಿಂದಲೇ ಹೊರಬರುತ್ತಾನೆ ಎಂಬರ್ಥದ ಘೋಷಣೆಯಿದೆ. ಹೆಚ್ಚುವರಿ 1,200 ರೂಪಾಯಿಯನ್ನು ಸಮರ್ಥಿಸಲು ಅವರು ಮುಂದಿಡುವುದು ಈ ಹೆಸರನ್ನೇ. ಆದಕಾರಣ ಛೆಟ್ರಿಯವರ ವೃತ್ತಿಜೀವನವನ್ನೇ ಅಳತೆಗೋಲಾಗಿಸಿಕೊಂಡು ಈ ತರಬೇತಿಯನ್ನು ಅಳೆದರೆ ಅನ್ಯಾಯವಾಗಲಾರದು. ಅಳತೆಗೋಲನ್ನು ಆರಿಸಿದವರು ಅವರೇ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಚೆಂಡನ್ನು ಬರಮಾಡಿಕೊಳ್ಳುವ ಮೊದಲ ಸ್ಪರ್ಶವನ್ನು ಇಲ್ಲಿ ಕಲಿಸುವ ರೀತಿ ನಿಜಕ್ಕೂ ಉತ್ತಮ ದರ್ಜೆಯದು. ಒಂದು ಅಭ್ಯಾಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹುಡುಗ ಗೋಲಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಅವನ ಹಿಂದೆ ಸ್ವಲ್ಪ ದೊಡ್ಡ ಹುಡುಗನೊಬ್ಬ ಡಿಫೆಂಡರ್ ಆಗಿ ನಿಂತಿರುತ್ತಾನೆ. ಅವನಿಗೂ ಹಿಂದೆ, ಗೋಲ್ ಕಂಬದ ಬಳಿ, ಸಹಾಯಕ ತರಬೇತುದಾರರು ಕೈಬೆರಳುಗಳನ್ನು ಎತ್ತಿ ಹಿಡಿದಿರುತ್ತಾರೆ. ಮುಖ್ಯ ತರಬೇತುದಾರರ ಕಾಲಿನಿಂದ ಚೆಂಡು ಹೊರಟು ತನ್ನನ್ನು ತಲುಪುವುದರೊಳಗೆ ಹುಡುಗ ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡಿ, ಎಷ್ಟು ಬೆರಳು ಎಂಬುದನ್ನು ಕೂಗಿ ಹೇಳಬೇಕು. ಡಿಫೆಂಡರ್ ಬೆನ್ನಿಗಂಟಿ ನಿಂತಿದ್ದರೆ ಒಂದೇ ಸ್ಪರ್ಶದಲ್ಲಿ ಚೆಂಡನ್ನು ಹಿಂದಿರುಗಿಸಿ ಪಕ್ಕಕ್ಕೆ ಓಡಬೇಕು; ಅಂತರ ಬಿಟ್ಟಿದ್ದರೆ ಮೈಯನ್ನು ಅರ್ಧ ತಿರುಗಿಸಿಕೊಂಡೇ ಚೆಂಡನ್ನು ಸ್ವೀಕರಿಸಿ ಗೋಲಿನತ್ತ ಹೊರಳಬೇಕು. ಮೊದಮೊದಲು ಮಕ್ಕಳೆಲ್ಲ ಚೆಂಡು ಕಾಲಿಗೆ ಬಂದ ಮೇಲೆಯೇ ತಿರುಗಿ ನೋಡುತ್ತಿದ್ದರು, ಅಷ್ಟರಲ್ಲಿ ಚೆಂಡು ಕೈತಪ್ಪಿರುತ್ತಿತ್ತು. “ಎಂತ ಮಾರಾಯ, ಬಾಲನ್ನೇ ನೋಡ್ತಾ ನಿಂತ್ರೆ ಹಿಂದೆ ಯಾರುಂಟು ಅಂತ ನಿಂಗೆ ಹೇಗೆ ಗೊತ್ತಾಗುದು?” ಎಂಬ ತರಬೇತುದಾರರ ಮಾತು ಅಂಗಣದ ಹೊರಗೆ ಕುಳಿತ ಪೋಷಕರಿಗೂ ಬಾಯಿಪಾಠವಾಗಿದೆ. ದೀಪಾವಳಿಯ ಹೊತ್ತಿಗೆ ಮಕ್ಕಳು ಯಾರೂ ಹೇಳದೆಯೇ ತಿರುಗಿ ನೋಡತೊಡಗಿದ್ದರು. ಇದು ಸಣ್ಣ ಸಾಧನೆಯಲ್ಲ. ಪೆನಾಲ್ಟಿ ಆವರಣದಲ್ಲಿ ಫಾರ್ವರ್ಡ್ ಆಟಗಾರನಿಗೆ ಯೋಚಿಸಲು ಸಮಯ ಸಿಗುವುದಿಲ್ಲ. ಯೋಚನೆಯೆಲ್ಲ ಚೆಂಡು ಬರುವ ಮೊದಲೇ ಮುಗಿದಿರಬೇಕು.

ದುರ್ಬಲ ಕಾಲಿನ ಅಭ್ಯಾಸವೂ ಕಟ್ಟುನಿಟ್ಟಾಗಿದೆ. ವಾರದಲ್ಲಿ ಒಂದು ಸಂಜೆ ಬಲಗಾಲಿನವರು ಎಡಗಾಲಿನಲ್ಲಿ ಮಾತ್ರ ಹೊಡೆಯಬೇಕು. ಮರೆತು ಬಲಗಾಲು ಬಳಸಿದರೆ ಗೋಲು ಲೆಕ್ಕಕ್ಕಿಲ್ಲ. ಮುಖ್ಯ ತರಬೇತುದಾರರು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಡಿ ಲೈಸೆನ್ಸ್ ಪಡೆದವರು, ಕೇಳಿದವರಿಗೆ ಪ್ರಮಾಣಪತ್ರ ತೋರಿಸುತ್ತಾರೆ. ಮಕ್ಕಳ ಮೇಲೆ ಕಿರುಚುತ್ತಾರೆ, ಆದರೆ ಯಾರನ್ನೂ ಹೀಯಾಳಿಸುವುದಿಲ್ಲ. ಈ ವ್ಯತ್ಯಾಸ ಪೋಷಕರಿಗೆ ತಿಳಿಯುತ್ತದೆ.

ತೊಡಕು ಶುರುವಾಗುವುದು ಅಂಗಣದಲ್ಲೇ. ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಗೋಲಿನ ಬಾಯಿ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಪೆನಾಲ್ಟಿ ಆವರಣ ಗೋಲ್ ಗೆರೆಯಿಂದ 16.5 ಮೀಟರಿನಷ್ಟು ಮುಂದಕ್ಕೆ ಚಾಚಿಕೊಂಡಿರುತ್ತದೆ. ಇಲ್ಲಿನ ಟರ್ಫ್‌ನಲ್ಲಿ ಗೋಲಿನ ಅಗಲವೇ ಆ 7.32 ಮೀಟರಿನ ಅರ್ಧಕ್ಕಿಂತ ಕಡಿಮೆ. ತಲೆಯ ಮೇಲೆ ಬಲೆಯ ಚಾವಣಿ. ಚೆಂಡು ಆ ಬಲೆಗೆ ತಾಗಿದರೆ ಎದುರಾಳಿಗೆ ಫ್ರೀ ಕಿಕ್ ಎಂಬ ನಿಯಮವಿರುವುದರಿಂದ ಮಕ್ಕಳು ಚೆಂಡನ್ನು ನೆಲ ಬಿಟ್ಟು ಏಳದಂತೆ ಆಡುವುದನ್ನು ರೂಢಿಸಿಕೊಳ್ಳುತ್ತಾರೆ. ಪಾಸ್ ಹೊರಡುವ ಗಳಿಗೆಯಲ್ಲಿ ಎದುರಾಳಿಯ ಕೊನೆಯ ಡಿಫೆಂಡರನನ್ನು ದಾಟಿ ನಿಂತಿರಬಾರದೆಂಬ ಆಫ್‌ಸೈಡ್ ನಿಯಮ ಇಲ್ಲವೇ ಇಲ್ಲ. ಪಕ್ಕದ ಬಲೆಗೆ ಬಡಿದ ಚೆಂಡು ಆಟಕ್ಕೆ ಮರಳುವುದರಿಂದ, ಗೆರೆ ದಾಟುವ ಮೊದಲು ಚೆಂಡನ್ನು ತಡೆದು ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಮಾಡುವ ಪ್ರಮೇಯವೂ ಬರುವುದಿಲ್ಲ. ಡಿಫೆಂಡರನಿಗೆ, ಗೋಲ್‌ಕೀಪರನಿಗೆ ಇದರಿಂದ ಆಗುವ ನಷ್ಟವನ್ನು ಆಮೇಲೆ ತುಂಬಿಸಿಕೊಳ್ಳಬಹುದೇನೋ. ಫಾರ್ವರ್ಡ್‌ನ ಕಸುಬಿನ ಅರ್ಧ ಭಾಗವಾದರೋ ನಿಂತಿರುವುದೇ ಈ ಮೂರರ ಮೇಲೆ: ಆಫ್‌ಸೈಡ್ ಗೆರೆಯ ಅಂಚಿನಲ್ಲಿ ಓಟದ ಸಮಯ ಹಿಡಿಯುವುದು, ಗಾಳಿಯಲ್ಲಿ ಬಂದ ಚೆಂಡಿಗೆ ಹಾರುವುದು, ದೊಡ್ಡ ಗೋಲಿನ ಯಾವ ಮೂಲೆ ತೆರೆದಿದೆ ಎಂದು ನೋಡದೆಯೇ ತಿಳಿಯುವುದು.

ಛೆಟ್ರಿಯವರ ಎತ್ತರ 1.70 ಮೀಟರ್ ಆಸುಪಾಸು. ಏಷ್ಯಾದ ಯಾವ ತಂಡದ ಸೆಂಟರ್ ಬ್ಯಾಕ್ ಪಕ್ಕದಲ್ಲಿ ನಿಂತರೂ ಗಿಡ್ಡರಾಗಿಯೇ ಕಾಣುತ್ತಿದ್ದರು. ಆದರೂ ಅವರ ನೆನಪಿನಲ್ಲುಳಿಯುವ ಗೋಲುಗಳಲ್ಲಿ ಎಷ್ಟೋ ತಲೆಯಿಂದ ಬಂದವು. 2021ರ ಅಕ್ಟೋಬರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನೇಪಾಳದ ವಿರುದ್ಧ ಭಾರತದ ಖಾತೆ ತೆರೆದದ್ದು ಪ್ರೀತಂ ಕೋಟಾಲ್ ಅವರ ಕ್ರಾಸ್‌ಗೆ ಛೆಟ್ರಿ ಕೊಟ್ಟ ಹೆಡರ್. ನಿವೃತ್ತಿಯಿಂದ ಮರಳಿ ಬಂದು 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಹೊಡೆದ ತೊಂಬತ್ತೈದನೆಯ ಅಂತರರಾಷ್ಟ್ರೀಯ ಗೋಲೂ ಹೆಡರೇ. ಆಗ ಅವರಿಗೆ ನಲವತ್ತು ದಾಟಿತ್ತು. ಈ ಗೋಲುಗಳ ಗುಟ್ಟು ಎತ್ತರದಲ್ಲಿಲ್ಲ. ಡಿಫೆಂಡರ್ ಚೆಂಡನ್ನು ನೋಡಲು ಕಣ್ಣು ಹೊರಳಿಸಿದ ಕ್ಷಣದಲ್ಲಿ ಅವನ ಬೆನ್ನ ಹಿಂದಿನಿಂದ ಮುಂದಕ್ಕೆ ನುಗ್ಗುವುದು, ಅವನಿಗಿಂತ ಅರ್ಧ ಕ್ಷಣ ಮೊದಲು ನೆಲ ಬಿಡುವುದು. ಇದನ್ನು ಕಲಿಯಲು ದೂರದಿಂದ ತೇಲಿ ಬರುವ ಕ್ರಾಸ್ ಬೇಕು, ಅದನ್ನು ಕೊಡಬಲ್ಲ ಪಕ್ಕದ ಆಟಗಾರ ಬೇಕು, ತಲೆಯ ಮೇಲೆ ತೆರೆದ ಆಕಾಶ ಬೇಕು. ಈ ಕೇಂದ್ರದಲ್ಲಿ ಹೆಡರ್ ಅಭ್ಯಾಸವೆಂದರೆ ತರಬೇತುದಾರರು ಎದುರಿಗೆ ನಿಂತು ಕೈಯಲ್ಲಿ ಎಸೆದ ಚೆಂಡನ್ನು ಹಣೆಯಿಂದ ಹಿಂದಿರುಗಿಸುವುದು, ಅಷ್ಟೇ.

ಇಲ್ಲಿ ಒಂದು ಮಾತನ್ನು ಅವರ ಪರವಾಗಿಯೂ ಹೇಳಬೇಕು. ಸಣ್ಣ ಮಕ್ಕಳಿಗೆ ಹೆಡರ್ ಬೇಡವೆಂಬ ಅಭಿಪ್ರಾಯ ಈಗ ಬಲವಾಗಿದೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿಯೇ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರಿಗೆ ಹೆಡರ್ ನಿಷೇಧಿಸಿ, ಹನ್ನೊಂದರಿಂದ ಹದಿಮೂರರ ವಯಸ್ಸಿನವರಿಗೆ ಅಭ್ಯಾಸದಲ್ಲಿ ಮಿತಿ ಹೇರಿತು. ತಲೆಗೆ ಆಗುವ ಪೆಟ್ಟಿನ ಭಯವೇ ಕಾರಣ. ಈ ಕೇಂದ್ರದವರೂ ಅದೇ ಕಾರಣ ಕೊಟ್ಟಿದ್ದರೆ ನಾನು ಒಪ್ಪಿ ಸುಮ್ಮನಾಗುತ್ತಿದ್ದೆ. ಅವರು ಕೊಟ್ಟ ಕಾರಣ ಬಲೆ ಹರಿಯುತ್ತದೆ ಎಂಬುದು.

ಆಫ್‌ಸೈಡ್ ಕಲಿಯದಿದ್ದರೆ ಏನಾಗುತ್ತದೆ ಎಂಬುದು ಮಳೆಗಾಲದಲ್ಲಿ ನೆಹರೂ ಮೈದಾನದಲ್ಲಿ ಕಂಡಿತು. ಶಾಲಾ ತಂಡದ ಪಂದ್ಯ. ಕೆಂಪು ಮಣ್ಣು ಕೆಸರಾಗಿ, ಗೋಲಿನ ಮುಂದೆ ನೀರು ನಿಂತಿತ್ತು. ಸ್ಟ್ರೈಕರ್ ಬ್ಯಾಚಿನ ಇಬ್ಬರು ಹುಡುಗರು ಆಡುತ್ತಿದ್ದರು, ನನ್ನ ಮಗನೂ ಒಬ್ಬ. ಕಾಲಿನ ಕೆಲಸ ಇಬ್ಬರದೂ ಚೆನ್ನಾಗಿತ್ತು. ಹಿಂದಕ್ಕೆ ನೋಡುವ ಅಭ್ಯಾಸವೂ ಬಿಟ್ಟುಹೋಗಿರಲಿಲ್ಲ. ಆದರೆ ಮೊದಲರ್ಧದಲ್ಲಿ ಲೈನ್ಸ್‌ಮನ್ ಬಾವುಟ ಮತ್ತೆ ಮತ್ತೆ ಮೇಲೇರಿತು. ಇಬ್ಬರೂ ಎದುರಾಳಿ ಗೋಲ್‌ಕೀಪರನ ಹತ್ತಿರವೇ ಹೋಗಿ ಚೆಂಡಿಗಾಗಿ ಕಾಯುತ್ತಿದ್ದರು, ಟರ್ಫ್‌ನಲ್ಲಿ ನಿಲ್ಲುವ ಹಾಗೆಯೇ. ಎದುರು ತಂಡದಲ್ಲಿ ಕಸಬಾ ಬೆಂಗ್ರೆ ಕಡೆಯ ಹುಡುಗನೊಬ್ಬನಿದ್ದ. ಅವನಿಗೆ ಯಾವ ಬ್ಯಾಚೂ ಇಲ್ಲ. ಊರಿನ ಮೈದಾನದಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವನು. ಕೊನೆಯ ಡಿಫೆಂಡರನ ಸಾಲಿನಲ್ಲೇ ನಿಂತು, ಪಾಸ್ ಕೊಡುವವನು ಕಾಲೆತ್ತುವುದನ್ನೇ ನೋಡುತ್ತಿದ್ದು, ಚೆಂಡು ಹೊರಟ ಗಳಿಗೆಯಲ್ಲಿ ಓಟ ಶುರುಮಾಡುತ್ತಿದ್ದ. ಅವನ ಮೊದಲ ಸ್ಪರ್ಶ ನಮ್ಮ ಹುಡುಗರಷ್ಟು ನಯವಾಗಿರಲಿಲ್ಲ, ಗೋಲು ಮಾತ್ರ ಅವನೇ ಹೊಡೆದ.

ತರಬೇತಿಯನ್ನು ಮಾರುವಾಗ ಹೇಳುವ ಇನ್ನೊಂದು ಮಾತು ವೃತ್ತಿಪರ ಆಟದ ಕುರಿತಾದದ್ದು. ಪೋಷಕರ ಸಭೆಯಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್), ಕ್ಲಬ್ ಟ್ರಯಲ್ಸ್, ಒಪ್ಪಂದದ ಮೊತ್ತ ಇವೆಲ್ಲ ಧಾರಾಳವಾಗಿ ಬಂದುಹೋಗುತ್ತವೆ. ಆದರೆ ಭಾರತದಲ್ಲಿ ಫಾರ್ವರ್ಡ್ ಆಗಿ ಬದುಕುವುದು ಎಂಥದು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಐಎಸ್‌ಎಲ್ ಶುರುವಾದ 2014ರಿಂದ 2024-25ರ ವರೆಗಿನ ಯಾವ ಋತುವಿನಲ್ಲಿಯೂ, ಅತಿ ಹೆಚ್ಚು ಗೋಲು ಹೊಡೆದವನಿಗೆ ಸಲ್ಲುವ ಗೋಲ್ಡನ್ ಬೂಟ್ ಭಾರತೀಯನೊಬ್ಬನ ಪಾಲಾಗಿಲ್ಲ. ಕ್ಲಬ್‌ಗಳು ವಿದೇಶಿ ಆಟಗಾರರಿಗೆಂದು ಇರುವ ಸೀಮಿತ ಸ್ಥಾನಗಳಲ್ಲಿ ಒಂದನ್ನಾದರೂ ಸೆಂಟರ್ ಫಾರ್ವರ್ಡ್‌ಗೆ ಮೀಸಲಿಡುತ್ತವೆ. ಗೋಲು ಹೊಡೆಯುವವನೇ ದುಬಾರಿ, ಅವನಿಂದಲೇ ಫಲಿತಾಂಶ. ಆ ಕೆಲಸವನ್ನು ಇಪ್ಪತ್ತರ ಹರೆಯದ ಹುಡುಗನಿಗೆ ವಹಿಸುವ ಧೈರ್ಯ ಕೋಚ್‌ಗಳಿಗೆ ಬರುವುದಿಲ್ಲ. ಹಾಗಾಗಿ ಭಾರತೀಯ ಫಾರ್ವರ್ಡ್‌ಗಳು ಪಕ್ಕಕ್ಕೆ ಸರಿದು ವಿಂಗರ್‌ಗಳಾಗುತ್ತಾರೆ, ಇಲ್ಲವೇ ಬೆಂಚಿನಲ್ಲಿ ಕೂರುತ್ತಾರೆ. ಛೆಟ್ರಿಯವರೇ ಬೆಂಗಳೂರು ಎಫ್‌ಸಿಯಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು ಅವರಿದ್ದ ಕಾಲದಲ್ಲಿ ಹೆಚ್ಚಾಗಿ ಎಡಬದಿಯಿಂದ ಆಡಿ, ಬಲಗಾಲಿಗೆ ಚೆಂಡು ಎಳೆದುಕೊಂಡು ಒಳನುಗ್ಗುತ್ತಿದ್ದರು. 2018-19ರಲ್ಲಿ ತಂಡ ಐಎಸ್‌ಎಲ್ ಪ್ರಶಸ್ತಿ ಗೆದ್ದದ್ದು ಹಾಗೆ ಆಡಿಯೇ. ದೇಶದ ಅತಿ ದೊಡ್ಡ ಗೋಲುಗಾರನೇ ಸ್ಥಾನ ಬದಲಿಸಿಕೊಳ್ಳಬೇಕಾಗಿ ಬಂದಿರುವಾಗ, ಹದಿಮೂರರ ಹುಡುಗನಿಗೆ ‘ನೀನು ಸ್ಟ್ರೈಕರ್’ ಎಂದು ಬ್ಯಾಚ್ ಹಂಚಿ, ವಿಂಗ್‌ನಲ್ಲಿ ಒಂದು ದಿನವೂ ಆಡಿಸದಿರುವುದು ಸರಿಯಾದ ಯೋಜನೆಯಾಗಿ ನನಗೆ ಕಾಣುವುದಿಲ್ಲ.

ಗೋಡೆಯ ಮೇಲಿನ ಆ ಚಿತ್ರದ ಹಿಂದಿರುವ ಬದುಕೂ ನೇರ ರಸ್ತೆಯೇನಲ್ಲ. 1984ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಛೆಟ್ರಿಯವರ ತಂದೆ ಸೇನೆಯಲ್ಲಿದ್ದವರು, ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ತಂದೆಯ ವರ್ಗಾವಣೆಯಿಂದಾಗಿ ಊರೂರು ಸುತ್ತಿ ಓದಿದ ಹುಡುಗ 2002ರಲ್ಲಿ ಮೋಹನ್ ಬಾಗಾನ್ ಸೇರಿದರು. ಆಮೇಲೆ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ ಕ್ಲಬ್‌ಗಳು. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕರೆದರೂ, ಭಾರತದ ಫಿಫಾ ರ‍್ಯಾಂಕಿಂಗ್ ಕೆಳಗಿದ್ದ ಕಾರಣ ಅಲ್ಲಿ ಕೆಲಸದ ಪರವಾನಗಿ ದೊರೆಯಲಿಲ್ಲ. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಗೆ, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಮೀಸಲು ತಂಡಕ್ಕೆ ಹೋದರೂ ಎರಡೂ ಕಡೆ ಆಡಲು ಸಿಕ್ಕಿದ್ದು ಅತ್ಯಲ್ಪ. ಮರಳಿ ಬಂದು 2013ರಲ್ಲಿ ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿಯ ನಾಯಕರಾಗಿ ಮೊದಲ ಋತುವಿನಲ್ಲೇ ಆಗಿನ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟಾಗ ಅವರು ಮೂವತ್ತರ ಹೊಸ್ತಿಲಲ್ಲಿದ್ದರು. ಅಲ್ಲಿಂದಾಚೆಗೆ ಬಂದ ಗೋಲುಗಳೇ ಅವರನ್ನು ಇಂದಿನ ಛೆಟ್ರಿಯಾಗಿಸಿದವು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧದ ಪಂದ್ಯದೊಂದಿಗೆ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದಾಗ ಲೆಕ್ಕದಲ್ಲಿ 151 ಪಂದ್ಯ, 94 ಗೋಲುಗಳಿದ್ದವು. ಆಗ ಆಡುತ್ತಿದ್ದ ಪುರುಷ ಆಟಗಾರರ ಪೈಕಿ ಅದಕ್ಕಿಂತ ಹೆಚ್ಚು ಹೊಡೆದಿದ್ದವರು ರೊನಾಲ್ಡೊ ಮತ್ತು ಮೆಸ್ಸಿ ಇಬ್ಬರೇ. ಅದೇ ವರ್ಷದ ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಾರಿಸಿದರು. ಗೋಲು ಹೊಡೆಯುವವರಿಲ್ಲದೆ ಮರುವರ್ಷ ರಾಷ್ಟ್ರೀಯ ತಂಡ ಅವರನ್ನೇ ಮರಳಿ ಕರೆಯಬೇಕಾಯಿತು. ಈ ಕೊನೆಯ ಸಂಗತಿಯಲ್ಲಿ ಅವರ ಹಿರಿಮೆಯಷ್ಟೇ ನಮ್ಮ ತರಬೇತಿಯ ಬಡತನವೂ ಇದೆ.

ಪೋಷಕರ ಸಭೆಯಲ್ಲಿ ಇನ್ನೂ ಒಂದು ಪ್ರಶ್ನೆ ಎತ್ತಬೇಕಿತ್ತು, ಯಾರೂ ಎತ್ತಲಿಲ್ಲ. 2025ರ ಜುಲೈಯಲ್ಲಿ ಐಎಸ್‌ಎಲ್ ಅನಿಶ್ಚಿತವಾಗಿ ನಿಂತುಹೋದಾಗ ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನೇ ತಡೆಹಿಡಿದವು. ಒಪ್ಪಂದದ ಮೊತ್ತ ಹೇಳುವವರು ಇದನ್ನೂ ಹೇಳಬೇಕು.

ಉಳಿದ ಅನುಕೂಲಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ನೀರು ಬಸಿಯುವ ವ್ಯವಸ್ಥೆ ಚೆನ್ನಾಗಿರುವುದರಿಂದ ಆಷಾಢದ ಮಳೆಯಲ್ಲೂ ತರಬೇತಿ ನಿಲ್ಲಲಿಲ್ಲ. ಕರಾವಳಿಯಲ್ಲಿ ಇದೊಂದೇ ಗುಣಕ್ಕೆ ಟರ್ಫ್‌ಗೆ ಅರ್ಧ ಅಂಕ ಕೊಡಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾತ್ರ ಕೃತಕ ಹುಲ್ಲು ಕಾದ ಕಾವಲಿಯಂತಿರುತ್ತದೆ. ಐದೂವರೆಗೆ ಮೊದಲು ಮಕ್ಕಳನ್ನು ಇಳಿಸಬಾರದು. ರಬ್ಬರಿನ ಕಪ್ಪು ಹರಳುಗಳು ಕಾಲುಚೀಲದಲ್ಲಿ, ಅಲ್ಲಿಂದ ಕಾರಿನಲ್ಲಿ, ಅಲ್ಲಿಂದ ಮನೆಯ ಚಾವಡಿಯಲ್ಲಿ ಸಿಗುತ್ತಲೇ ಇರುತ್ತವೆ. ಶೂಗಳ ಬಗ್ಗೆ ಕೇಂದ್ರದವರು ಕೊಡುವ ಸಲಹೆ ಸರಿಯಾದದ್ದು: ಗಿಡ್ಡ ರಬ್ಬರ್ ಗುಬ್ಬಿಗಳ ಟರ್ಫ್ ಶೂ ಮಾತ್ರ, ಉದ್ದ ಸ್ಟಡ್ ಇರುವ ಶೂ ಕೂಡದು, ಏಕೆಂದರೆ ಅದು ಕೃತಕ ಹುಲ್ಲಿನಲ್ಲಿ ಸಿಕ್ಕಿಕೊಂಡು ಮಂಡಿ ತಿರುಚುವ ಅಪಾಯವಿದೆ. ಆದರೆ ಅದೇ ಟರ್ಫ್ ಶೂ ಧರಿಸಿ ಕೆಸರಿನ ಮೈದಾನಕ್ಕಿಳಿದರೆ ನಿಲ್ಲಲೂ ಆಗುವುದಿಲ್ಲ. ಶಾಲಾ ಪಂದ್ಯಗಳಿಗೆ ಬೇರೆ ಜೋಡಿ ಬೇಕೆಂಬುದನ್ನು ಸೇರುವಾಗಲೇ ಹೇಳಿದ್ದರೆ ಖರ್ಚಿನ ಅಂದಾಜು ಸಿಗುತ್ತಿತ್ತು. ಆಹಾರದ ಕುರಿತು ಒಂದು ಉಪನ್ಯಾಸವಿತ್ತು. ಛೆಟ್ರಿ ಮಾಂಸಾಹಾರ ಬಿಟ್ಟಿದ್ದನ್ನು ಅಲ್ಲಿ ಉದಾಹರಿಸಿದರು. ಬಂಗುಡೆ ಪುಳಿಮುಂಚಿಯ ಮನೆಗಳಿಂದ ಬಂದ ಹುಡುಗರು ಮುಖ ಮುಖ ನೋಡಿಕೊಂಡರು. ಕರಿದ ತಿಂಡಿ ಬಿಡಿ, ಬೇಗ ಮಲಗಿ ಎಂಬ ಮಾತಾದರೂ ಅವರ ತಲೆಗೆ ಹೋದರೆ ಸಾಕು.

ತಿಂಗಳ ಕೊನೆಗೆ ಮೊಬೈಲ್ ಆ್ಯಪ್‌ನಲ್ಲಿ ಬರುವ ಪ್ರಗತಿ ವರದಿ ಈ ಸೇವೆಯ ಅತ್ಯಂತ ದುರ್ಬಲ ಅಂಗ. ‘ಫಿನಿಶಿಂಗ್: 10ಕ್ಕೆ 7’ ಎಂದಿರುತ್ತದೆ. ಹತ್ತು ಹೊಡೆತಗಳಲ್ಲಿ ಏಳು ಗೋಲೇ, ಎಡಗಾಲಿನದೇ, ಕೀಪರ್ ಇದ್ದನೇ, ಯಾವುದೂ ತಿಳಿಯುವುದಿಲ್ಲ. ಕೇಳಿದರೆ ಅದು ಒಟ್ಟಾರೆ ಅಭಿಪ್ರಾಯ ಎನ್ನುತ್ತಾರೆ. ಇದಕ್ಕಿಂತ, ಪಂದ್ಯದ ದಿನ ತರಬೇತುದಾರರು ಮೈದಾನಕ್ಕೆ ಬಂದು ಗೆರೆಯ ಪಕ್ಕ ನಿಂತು ನೋಡಿ ಎರಡು ಸಾಲು ಬರೆದುಕೊಟ್ಟರೆ ಹುಡುಗನಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಒಂದು ಬಾರಿ ಬಂದಿದ್ದರು. ಆ ಸಂಜೆ ಅವರು ಮಗನಿಗೆ ಹೇಳಿದ ಮಾತುಗಳು ವರ್ಷದ ಎಲ್ಲ ಅಂಕಗಳಿಗಿಂತ ಹೆಚ್ಚು ಕೆಲಸ ಮಾಡಿವೆ.

ಹತ್ತರಿಂದ ಹದಿಮೂರರ ವಯಸ್ಸಿನ ಮಕ್ಕಳಿಗೆ ಇಲ್ಲಿನ ಸಾಮಾನ್ಯ ಬ್ಯಾಚನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಬೆರಳು ಎಣಿಸುವ ಅಭ್ಯಾಸ ಅಲ್ಲಿಯೂ ಇದೆ, ಅದೇ ತರಬೇತುದಾರರೇ ಇದ್ದಾರೆ. ಸ್ಟ್ರೈಕರ್ ಬ್ಯಾಚಿನ ಹೆಚ್ಚುವರಿ ಹಣ ಈಗಿರುವ ರೂಪದಲ್ಲಿ ದಂಡ. ಹದಿನಾಲ್ಕು ದಾಟಿದ, ಫಾರ್ವರ್ಡ್ ಆಗಬೇಕೆಂಬ ಹಟವಿರುವ ಹುಡುಗ ಹುಡುಗಿಯರನ್ನು ವಾರಕ್ಕೆ ಎರಡು ಬಾರಿಯಾದರೂ ಪೂರ್ಣ ಅಳತೆಯ ಮೈದಾನದಲ್ಲಿ, ಆಫ್‌ಸೈಡ್ ಇಟ್ಟುಕೊಂಡು, ತಮಗಿಂತ ದೊಡ್ಡವರ ಜೊತೆ ಆಡಿಸದಿದ್ದರೆ ಟರ್ಫ್‌ನ ಯಾವ ಅಭ್ಯಾಸವೂ ಪೂರ್ತಿ ಫಲ ಕೊಡದು. ನಾವು ಕೆಲವು ಪೋಷಕರು ಕೂಡಿ ಇದನ್ನೇ ಕೇಳಿದಾಗ, ಜೂನ್‌ನಿಂದ ಭಾನುವಾರ ಬೆಳಿಗ್ಗೆ ಮೈದಾನದ ಅಭ್ಯಾಸ ಸೇರಿಸುವುದಾಗಿ ಹೇಳಿದ್ದಾರೆ. ಕ್ರಾಸ್ ಕೊಡುವವರು ಬೇಕಾದ್ದರಿಂದ ಸ್ಟ್ರೈಕರ್ ಬ್ಯಾಚಿನವರನ್ನು ಸಾಮಾನ್ಯ ಬ್ಯಾಚಿನ ಜೊತೆ ಬೆರೆಸಿ ಆಡಿಸುತ್ತಾರಂತೆ. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿಯೂ ಇದೆಯಂತೆ. ನಾನು ತಿಂಗಳು ತಿಂಗಳೇ ಕಟ್ಟುವುದಾಗಿ ಹೇಳಿ ಬಂದಿದ್ದೇನೆ.